ಹನ್ನೊಂದನೆಯ ಹೆಸರು

ನಮ್ಮ ಮನೆಯ ತಾರಸಿಗೆ ಮೆಟ್ಟಿಲಿರಲಿಲ್ಲ. ಹಿತ್ತಲಿನಲ್ಲಿ ಗೋಡೆಗೆ ಒರಗಿಸಿಟ್ಟ ಬಿದಿರಿನ ಏಣಿಯಿತ್ತು. ಮನೆ ಎಂದರೆ ಬೀದಿಯ ಕಡೆಗೊಂದು ತಿಣ್ಣೆ, ಅದರ ಹಿಂದೆ ಮುಂಭಾಗದ ಕೋಣೆ, ಆಮೇಲೆ ಮಗ್ಗದ ಕೋಣೆ, ಕೊನೆಗೆ ಅಡುಗೆಮನೆ ಮತ್ತು ಅಂಗಳ. ಮಗ್ಗದ ಕೋಣೆಯ ಮೇಲೆ ಮಾತ್ರ ತಾರಸಿ, ಉಳಿದದ್ದಕ್ಕೆಲ್ಲ ಹೆಂಚು. ತಮಿಳು ಸೀಮೆಯ ನೆಗಮದ ನೇಕಾರರ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಹೀಗೇ ಇದ್ದವು. ನಮ್ಮದರ ವಿಶೇಷವೆಂದರೆ ತಾರಸಿಯ ಮೇಲೆ ನಿಂತರೆ ಹಿತ್ತಲ ಗೋಡೆಯಾಚೆಗಿನ ಕುಂಟೆ ಪೂರ್ತಿ ಕಾಣುತ್ತಿತ್ತು. ಮಳೆ ನಿಂತು ಒಂದು ತಿಂಗಳಾದರೆ ಸಾಕು, ಆ ಕುಂಟೆಯಲ್ಲಿ ನೀರು ಬತ್ತಿ ತಳ ಒಣಗಿ ಗಟ್ಟಿಯಾಗುತ್ತಿತ್ತು. ಪೊಂಗಲ್ ಹೊತ್ತಿಗೆ ಅದರ ಎರಡೂ ತುದಿಗೆ ಸವುಕು ಮರದ ಕಂಬ ನೆಟ್ಟು ಗೋಲು ಕಟ್ಟುತ್ತಿದ್ದರು. ಅಲ್ಲಿಂದ ಬಿಸಿಲು ತಡೆಯಲಾಗದಷ್ಟು ಏರುವವರೆಗೆ ಪ್ರತಿ ಭಾನುವಾರ ಫುಟ್ಬಾಲ್.

ಕ್ಲಬ್ಬಿಗೆ ತಮಿಳಿನಲ್ಲಿ ಒಂದು ಹೆಸರಿತ್ತು. 'ಇಳೈಞರ್ ಕಾಲ್ಪಂದು ಕುಳು', ಅಂದರೆ ಯುವಕರ ಫುಟ್ಬಾಲ್ ತಂಡ. ಹೆಸರಿಟ್ಟಾಗ ಎಲ್ಲರೂ ಯುವಕರೇ ಆಗಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವರಲ್ಲಿ ಅರ್ಧಕ್ಕರ್ಧ ಜನ ಮಕ್ಕಳೊಂದಿಗರಾಗಿದ್ದರು, ಗೋಲು ಕಾಯುವ ಗೋಲಿಯ ತಲೆ ಬೋಳಾಗಿತ್ತು. ಅಪ್ಪ ನಾಯಕ. ಹೆಸರು ರಾಮಲಿಂಗ, ಊರಿಗೆಲ್ಲ ಲಿಂಗಣ್ಣ. ಮೈದಾನದ ನಡುಮಧ್ಯೆ, ಸೆಂಟರ್ ಹಾಫ್ ಎನ್ನುವ ಜಾಗದಲ್ಲಿ, ಕ್ಲಬ್ ಹುಟ್ಟಿದ ದಿನದಿಂದ ಅವನೇ ನಿಲ್ಲುತ್ತಿದ್ದ. ಕ್ಲಬ್ಬಿನ ಸಾಮಾನೆಲ್ಲ ನಮ್ಮ ಮನೆಯಲ್ಲಿ. ಗೋಲಿನ ಬಲೆ ಅಟ್ಟದ ಮೇಲೆ, ಗಾಳಿ ಹೊಡೆಯುವ ಪಂಪು ಅಕ್ಕಿ ಡಬ್ಬದ ಪಕ್ಕದಲ್ಲಿ, ಎರಡು ಚೆಂಡು ದೇವರ ಗೂಡಿನ ಕೆಳಗೆ. ಸೋಮವಾರ ಬೆಳಿಗ್ಗೆ ಅಂಗಳದ ಹಗ್ಗದ ಮೇಲೆ ಹನ್ನೊಂದು ನೀಲಿ ಬನಿಯನ್ ಒಣಗುತ್ತಿದ್ದವು. ಅವನ್ನು ಒಗೆಯುತ್ತಿದ್ದವಳು ಅಮ್ಮ. ಅವಳು ಮದುವೆಯಾಗಿ ಬಂದ ಮೇಲೆ ಒಂದೇ ಒಂದು ಆಟವನ್ನೂ ನೋಡಿರಲಿಲ್ಲ. ಬನಿಯನ್ನಿಗೆ ಎಷ್ಟು ಮಣ್ಣು ಹತ್ತಿದೆ ಎನ್ನುವುದರಲ್ಲೇ ಯಾರು ಓಡಿದರು, ಯಾರು ನಿಂತಿದ್ದರು ಎಂದು ತನಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ಆಟ ನೋಡುತ್ತಿದ್ದವಳು ಅತ್ತೆ. ಚೌಡಮ್ಮ, ಅಪ್ಪನ ಅಕ್ಕ. ಧಾರಾಪುರಕ್ಕೆ ಮದುವೆಯಾಗಿ ಹೋಗಿ ನಾಲ್ಕು ವರ್ಷಕ್ಕೆ ಒಂದು ಟ್ರಂಕಿನೊಂದಿಗೆ ತಿರುಗಿ ಬಂದವಳು. ಯಾಕೆ ಬಂದಳೆಂದು ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳಲಿಲ್ಲ, ದೊಡ್ಡವಳಾದ ಮೇಲೆ ನಾನೂ ಕೇಳಲಿಲ್ಲ. ಹಗಲೆಲ್ಲ ಮಗ್ಗದ ಕೋಣೆಯ ಮೂಲೆಯಲ್ಲಿ ಕೂತು ರಾಟೆ ತಿರುಗಿಸಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹೆಂಗಸರು ಕುಂಟೆಯ ದಂಡೆಗೆ ಹೋಗಿ ಗಂಡಸರ ನಡುವೆ ನಿಂತು ಆಟ ನೋಡುವ ವಾಡಿಕೆ ಇರಲಿಲ್ಲ. ಹಾಗಾಗಿ ಭಾನುವಾರ ಸಂಜೆ ನಾಲ್ಕಾದರೆ ಅತ್ತೆಗೆ ತಾರಸಿಯ ಮೇಲೆ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ಆಗಲೇ ಗರಿಗರಿಯಾಗಿ ಒಣಗಿದ ಮೆಣಸಿನಕಾಯಿಯನ್ನು ಮತ್ತೆ ತಿರುವಿ ಹಾಕುವುದು, ಒಣಹಾಕಿದ ವಡಗದ ಸಂಡಿಗೆ ಎಣಿಸುವುದು. ನಾನು ಅವಳ ಹಿಂದೆ ಏಣಿ ಹತ್ತುತ್ತಿದ್ದೆ. ಮೊದಮೊದಲು ಚೆಂಡು ಹೋದ ಕಡೆಗೆಲ್ಲ ನನ್ನ ಕತ್ತು ತಿರುಗುತ್ತಿತ್ತು. ಒಂದು ದಿನ ಅತ್ತೆ ನನ್ನ ಗಲ್ಲ ಹಿಡಿದು ಆ ಕಡೆಯಿಂದ ಈ ಕಡೆಗೆ ತಿರುಗಿಸಿದಳು.

"ಬಾಲ್ ನೋಡಬ್ಯಾಡ ಕೂಸೆ. ಬಾಲು ಎಲ್ಲಿಗೂ ಓಡಿ ಹೋಗಲ್ಲ. ಬಾಲ್ ಇಲ್ದೋರು ಏನು ಮಾಡ್ತಾವ್ರೆ ಅಂತ ನೋಡು."

ಆಟ ಮುಗಿದ ಸಂಜೆ ಅಪ್ಪ ಸ್ನಾನ ಮಾಡಿ ಊಟಕ್ಕೆ ಕೂತು ಅಮ್ಮನಿಗೆ ಆಟವನ್ನು ವರ್ಣಿಸುತ್ತಿದ್ದ. ಅತ್ತೆ ಬಡಿಸುತ್ತ, ಯಾರಿಗೂ ಹೇಳದವಳಂತೆ, "ಆ ಗೋಲು ಗೋಲಿ ತಪ್ಪಲ್ಲ, ಎಡಗಡೆಯೋನು ಮುಂದಕ್ಕೆ ಹೋಗಿ ಅಲ್ಲೇ ನಿಂತುಬುಟ್ಟ" ಎನ್ನುತ್ತಿದ್ದಳು. ಅಪ್ಪ ಕೇಳಿಸದವನಂತೆ ಅನ್ನ ಕಲಸುತ್ತಿದ್ದ. ಮುಂದಿನ ಭಾನುವಾರ ಎಡಗಡೆಯವನು ಮುಂದಕ್ಕೆ ಹೋಗುತ್ತಿರಲಿಲ್ಲ. ಇದು ವರ್ಷಗಟ್ಟಲೆ ನಡೆಯಿತು. ಅಪ್ಪ ಕೇಳಿದ ಎಂದೂ ಇಲ್ಲ, ಅತ್ತೆ ಹೇಳಿದಳು ಎಂದೂ ಇಲ್ಲ. ಮನೆಯ ಹೊರಗೆ ಇದು ಯಾರಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದ ವರ್ಷ ನಮ್ಮವರು ಚೆನ್ನಾಗಿ ಆಡಲಿಲ್ಲ. ಸುತ್ತಿನ ಊರುಗಳ ಆರು ತಂಡಗಳು ಸೇರಿ ಆಡುತ್ತಿದ್ದ ಪಂದ್ಯಗಳವು. ಕೊನೆಯ ಸ್ಥಾನಕ್ಕೆ ಬಿದ್ದವರನ್ನು ಮುಂದಿನ ವರ್ಷ ಸೇರಿಸಿಕೊಳ್ಳುತ್ತಿರಲಿಲ್ಲ. ಶಿವರಾತ್ರಿ ಕಳೆದಾಗ ಮೂರು ಆಟ ಬಾಕಿಯಿದ್ದವು, ನಾವು ಕೊನೆಯ ಸ್ಥಾನದಲ್ಲಿದ್ದೆವು. ಆ ಮೂರರಲ್ಲಿ ಮೊದಲನೆಯದು ನಮ್ಮ ಕುಂಟೆಯಲ್ಲೇ, ಉಡುಮಲೆಯವರ ಮೇಲೆ. ಒಂದು ಗೋಲಿನಿಂದ ಗೆದ್ದೆವು. ಆ ಆಟದ ನಡುವೆ ಅಪ್ಪ ಒಂದು ಸಲ ಬಿದ್ದ, ತಕ್ಷಣ ಎದ್ದ, ಮಣ್ಣು ಕೊಡವಿಕೊಂಡು ಕೊನೆಯವರೆಗೂ ಆಡಿದ. ಮನೆಗೆ ಬಂದವನು ನಗುತ್ತಲೇ ಇದ್ದ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿಕೊಡು ಎಂದು ಅಮ್ಮನನ್ನು ಕೇಳಿದ್ದು ಮಾತ್ರ ಹೊಸದು.

ಗುಂಡಿಮಗ್ಗದಲ್ಲಿ ನೇಯುವವನ ಕಾಲು ನೆಲಕ್ಕಿಂತ ಕೆಳಗೆ, ಗುಂಡಿಯೊಳಗೆ ಇರುತ್ತದೆ. ಅಲ್ಲಿ ಎರಡು ಹಲಗೆ. ಒಮ್ಮೆ ಬಲಗಾಲು ತುಳಿಯಬೇಕು, ಒಮ್ಮೆ ಎಡಗಾಲು. ಪ್ರತಿ ತುಳಿತಕ್ಕೂ ಒಂದು ಲಾಳಿ ಆಚೆಯಿಂದ ಈಚೆಗೆ. ಆ ಸದ್ದು ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಮನೆಯಲ್ಲಿ ಇದ್ದೇ ಇರುತ್ತಿತ್ತು, ನಾವು ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅತ್ತೆ ಕೇಳಿಸಿಕೊಂಡಿದ್ದಾಳೆಂದು ತಿಳಿದದ್ದು ಗುರುವಾರ ಮಧ್ಯಾಹ್ನ. ನನಗೆ ಶಾಲೆಗೆ ರಜೆಯಿತ್ತು. ಅಪ್ಪ ಊಟಕ್ಕೆ ಕೂತಿದ್ದ, ಪಕ್ಕದಲ್ಲಿ ನಾನು. ಅಮ್ಮ ಒಲೆಯ ಹತ್ತಿರ, ಅತ್ತೆ ಹುರುಳಿ ಸಾರು ಬಡಿಸುತ್ತಿದ್ದಳು.

"ಲಿಂಗಾ, ಈ ಭಾನುವಾರ ನೀನು ಇಳೀಬ್ಯಾಡ," ಎಂದಳು.

"ಎಲ್ಲಿಗೆ?"

"ಆಟಕ್ಕೆ. ಅವಿನಾಶಿಗೆ ಎಲ್ಲರ ಜೊತೆ ಹೋಗು, ಹೊರಗೆ ಕೂತ್ಕೋ. ನಿನ್ನ ಜಾಗಕ್ಕೆ ಸೆಲ್ವನ್ನ ನಿಲ್ಸು."

"ಯಾಕೆ, ನಂಗೇನಾಗೈತೆ?"

"ನಾಕು ದಿನದಿಂದ ಕೇಳ್ತಾ ಇವ್ನಿ. ಬಲಗಾಲು ಹಲಗೆ ಮ್ಯಾಲೆ ತಡೆದು ತಡೆದು ಬೀಳ್ತದೆ. ಮಗ್ಗ ಕುಂಟ್ತಾ ಐತೆ. ಮಂಡಿ ನೋಯ್ತದೆ ತಾನೇ? ನಿಜ ಹೇಳು."

ಅಪ್ಪ ನಿಜ ಹೇಳಲಿಲ್ಲ. ಸೆಲ್ವನ್ ಎಂದರೆ ಪಕ್ಕದ ಬೀದಿಯ ಇಪ್ಪತ್ತು ವರ್ಷದ ಹುಡುಗ. ತಿರುಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ವಾರದ ನಡುವಿನ ಅಭ್ಯಾಸಕ್ಕೆ ಬರುವುದಿಲ್ಲ ಎಂದು ಅಪ್ಪನಿಗೆ ಅವನ ಮೇಲೆ ಸಿಟ್ಟು. ಯಾರಾದರೂ ಬರದಿದ್ದರೆ ಮಾತ್ರ ಮೂಲೆಯಲ್ಲಿ ಎಲ್ಲಾದರೂ ಅವನನ್ನು ಆಡಿಸುತ್ತಿದ್ದ.

"ಸೆಲ್ವನ್ನಾ?" ಅಪ್ಪ ನಕ್ಕ. "ಅವ್ನು ಒಂದು ಸಲನಾದ್ರೂ ಇನ್ನೊಬ್ಬನ ಮೈಮ್ಯಾಲೆ ಬಿದ್ದು ಬಾಲ್ ಕಿತ್ಕೊಂಡದ್ದು ನೋಡಿದ್ದೀಯಾ? ಭಯಂಗೊಳ್ಳಿ ನನ್ಮಗ. ಹೆದರಿ ದೂರ ನಿಲ್ತಾನೆ."

"ಬೀಳೋದು ಯಾಕೆ? ಅವ್ನು ಮೊದ್ಲೇ ಅಲ್ಲಿರ್ತಾನೆ, ಬಾಲು ತಾನಾಗಿ ಅವನತ್ರ ಬತ್ತದೆ. ತಡವಾಗಿ ಬಂದೋನು ತಾನೇ ಮೈಮ್ಯಾಲೆ ಬೀಳೋದು. ಈ ವರ್ಷ ನೀನು ಎಷ್ಟು ಸಲ ಬಿದ್ದೆ, ನಾ ಹೇಳ್ಲಾ?"

ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು. ಅವನು ಜೋರಾಗಿ ಮಾತಾಡುವವನಲ್ಲ, ಆಗಲೂ ಜೋರಾಗಿ ಮಾತಾಡಲಿಲ್ಲ.

"ಒಂದು ಮನೇಲಿ ನಾಕು ವರ್ಷ ನಿಲ್ಲೋಕಾಗ್ದೆ ಬಂದೋಳು ನೀನು. ನನ್ನ ತಂಡದಲ್ಲಿ ಯಾರು ನಿಲ್ಲೋದು ಯಾರು ಕೂರೋದು ಅಂತ ಹೇಳೋಕೆ ಬತ್ತೀಯಾ?"

ಒಲೆಯ ಹತ್ತಿರ ಅಮ್ಮನ ಕೈಯ ಸೌಟು ಪಾತ್ರೆಗೆ ತಗುಲಿ ಸದ್ದಾಯಿತು. ಅತ್ತೆ ಸಾರು ಬಡಿಸಿ ಮುಗಿಸಿದಳು, ನನಗೆ ಇನ್ನೊಂದು ಹಿಡಿ ಅನ್ನ ಹಾಕಿದಳು, ಅಪ್ಪನ ಲೋಟಕ್ಕೆ ಎಂದಿನಂತೆ ಮಜ್ಜಿಗೆ ಸುರಿದಳು. ಆಮೇಲೆ ಮಗ್ಗದ ಕೋಣೆಗೆ ಹೋಗಿ ತನ್ನ ರಾಟೆಯನ್ನೂ ನೂಲಿನ ಬುಟ್ಟಿಯನ್ನೂ ಎತ್ತಿಕೊಂಡು ಹೋಗಿ ಬೀದಿಯ ತಿಣ್ಣೆಯ ಮೇಲೆ ಇಟ್ಟುಕೊಂಡಳು. ಅವತ್ತಿನಿಂದ ಅವಳು ಅಲ್ಲೇ ಕೂತು ನೂಲು ಸುತ್ತಿದಳು. ಕಂಡಿಕೆ ತುಂಬಿದಾಗ ನನ್ನ ಕೈಲಿ ಕೊಟ್ಟು ಒಳಗೆ ಕಳಿಸುತ್ತಿದ್ದಳು. ಊಟ ನಾವೆಲ್ಲ ಮುಗಿಸಿದ ಮೇಲೆ ಒಬ್ಬಳೇ ಮಾಡಿದಳು. ಅಮ್ಮ ಎರಡು ಸಲ ಕರೆದಳು, "ಹಸಿವಿಲ್ಲ" ಎಂಬ ಉತ್ತರ ಬಂತು. ಅತ್ತೆ ಅಳುವುದನ್ನು ನಾನು ಕಾಯುತ್ತಿದ್ದೆ. ಅತ್ತರೆ ಯಾರಾದರೂ ಸಮಾಧಾನ ಮಾಡಿ ಮುಗಿಸಬಹುದಿತ್ತು. ಅವಳು ಅಳಲಿಲ್ಲ, ಹಾಗಾಗಿ ಅದು ಮುಗಿಯಲಿಲ್ಲ.

ಆಗ ನಾನು ಅಪ್ಪನ ಪಕ್ಷ. ಅತ್ತೆಯನ್ನು ಕಂಡರೆ ಪ್ರೀತಿಯಿದ್ದರೂ, ಅಪ್ಪನಿಗೆ ಆಡಲು ಬರುವುದಿಲ್ಲ ಎಂದು ಅವನ ಮನೆಯಲ್ಲೇ ಕೂತು ಹೇಳಿದ್ದು ನನಗೆ ಸರಿಬಂದಿರಲಿಲ್ಲ. ಶನಿವಾರ ಸಂಜೆ ಕುಂಟೆಯಲ್ಲಿ ಅಭ್ಯಾಸ. ಅತ್ತೆಯನ್ನು ತಾರಸಿಗೆ ಕರೆದೆ. "ನಂಗೇನು ಕೆಲಸ ಅಲ್ಲಿ?" ಎಂದಳು. ಒಬ್ಬಳೇ ಏಣಿ ಹತ್ತಿದೆ. ಅಪ್ಪ ಚೆನ್ನಾಗಿ ಆಡುವುದನ್ನು ಕಣ್ಣಾರೆ ಕಂಡು, ಕೆಳಗಿಳಿದು ಅತ್ತೆಗೆ ಹೇಳಬೇಕೆಂದಿದ್ದೆ. ಆದರೆ ಅವಳೇ ಕಲಿಸಿದ ಅಭ್ಯಾಸ ಬಿಟ್ಟುಹೋಗಿರಲಿಲ್ಲ, ಚೆಂಡನ್ನು ಬಿಟ್ಟು ಅಪ್ಪನನ್ನೇ ನೋಡಿದೆ. ಎಲ್ಲರೂ ತಿರುಗಿದ ಮೇಲೆ ಅವನು ತಿರುಗುತ್ತಿದ್ದ. ಬಲಕ್ಕೆ ತಿರುಗಬೇಕಾದಾಗಲೆಲ್ಲ ಎಡಗಾಲಿನ ಮೇಲೆ ಒಂದು ಸಣ್ಣ ಸುತ್ತು ಹಾಕುತ್ತಿದ್ದ. ಚೆಂಡು ಹೋದ ಮೇಲೆ ಅದರ ಹಿಂದೆ ಓಡುತ್ತಿದ್ದ, ಜೋರಾಗಿ ಕೂಗುತ್ತಿದ್ದ. ಆ ಕೂಗಿನಿಂದಾಗಿ ಅವನು ಎಲ್ಲ ಕಡೆ ಇದ್ದಂತೆ ಅನ್ನಿಸುತ್ತಿತ್ತು. ನಾನು ಕತ್ತಲಾಗುವ ಮೊದಲೇ ಇಳಿದು ಬಂದೆ. ತಿಣ್ಣೆಯ ಮೇಲಿದ್ದ ಅತ್ತೆ ನನ್ನನ್ನು ಒಂದು ಸಲ ನೋಡಿ, ಮತ್ತೆ ರಾಟೆ ತಿರುಗಿಸಿದಳು. ನಾನು ಒಳಗೆ ಹೋದೆ. ಕಂಡದ್ದನ್ನು ಕಂಡಿಲ್ಲ ಎಂದುಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಮೊದಲ ಬಾರಿಗೆ ತಿಳಿದದ್ದು ಆ ಏಣಿ ಇಳಿಯುವಾಗ.

ಭಾನುವಾರ ಅಪ್ಪ ಅವಿನಾಶಿಯಲ್ಲಿ ಆಡಿದ. ಸಂಜೆಯ ಬಸ್ಸಿನಲ್ಲಿ ಎಲ್ಲರೂ ತಿರುಗಿ ಬಂದಾಗ ಅವನ ಒಂದು ಕೈ ಬೋಳುತಲೆಯ ಗೋಲಿಯ ಹೆಗಲ ಮೇಲಿತ್ತು, ಇನ್ನೊಂದು ಸೆಲ್ವನ್ ಹೆಗಲ ಮೇಲಿತ್ತು. ಮೂರು ಗೋಲಿನಿಂದ ಸೋತಿದ್ದರು. ಎರಡನೆಯ ಗೋಲಿನ ಹೊತ್ತಿಗೆ ಅಪ್ಪ ತಿರುಗಲು ಹೋಗಿ ಮಂಡಿ ಮಡಚಿಕೊಂಡು ಕೂತುಬಿಟ್ಟನಂತೆ, ಆದರೂ ಹೊರಗೆ ಹೋಗಲು ಒಪ್ಪದೆ ಒಂಟಿಕಾಲಲ್ಲೇ ನಿಂತಿದ್ದನಂತೆ. ಇದನ್ನು ಅಮ್ಮನಿಗೆ ಹೇಳಿದವನು ಗೋಲಿ. ಸೆಲ್ವನ್ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟು, ತಿರುಪೂರಿನ ಬಸ್ಸು ಹಿಡಿಯಲು ಓಡಿದ. ಅಪ್ಪನ ಮಂಡಿ ಪಪ್ಪಾಯಿ ಹಣ್ಣಿನಷ್ಟು ಊದಿತ್ತು. ಒಂದು ತಿಂಗಳು ಮಗ್ಗದ ಗುಂಡಿಗೆ ಇಳಿಯಬಾರದು ಎಂದು ಮಾರನೆಯ ದಿನ ಡಾಕ್ಟರು ಹೇಳಿದರು.

ಸೋಮವಾರ ಮನೆಯಲ್ಲಿ ಮಗ್ಗದ ಸದ್ದಿರಲಿಲ್ಲ. ಆಗ ಆ ಸದ್ದು ನನಗೆ ಮೊದಲ ಬಾರಿಗೆ ಕೇಳಿಸಿತು, ಇಲ್ಲದಿರುವುದರಿಂದ. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆಯಿತ್ತು. ಮಂಗಳವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಸದ್ದು ಶುರುವಾಯಿತು. ಹೋಗಿ ನೋಡಿದರೆ ಅತ್ತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಗೆ ಇಳಿದು ಕೂತಿದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ. ಅಮ್ಮ ತಿಣ್ಣೆಯ ಮೇಲಿದ್ದ ರಾಟೆಯನ್ನು ಒಳಗೆ ತಂದು ತಾನು ನೂಲು ಸುತ್ತಲು ಕೂತಳು. ಅಪ್ಪ ಮುಂಭಾಗದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಒಂದೇ ಅಳತೆಗೆ ಬೀಳುತ್ತಿದ್ದ ಆ ಸದ್ದನ್ನು ಅವನು ಐದು ದಿನ ಕೇಳಿದ.

ಕೊನೆಯ ಆಟ ಪಲ್ಲಡದವರ ಮೇಲೆ, ನಮ್ಮ ಕುಂಟೆಯಲ್ಲಿ. ಸೋಲದಿದ್ದರೆ ನಾವು ಕೊನೆಯ ಸ್ಥಾನದಿಂದ ಪಾರು, ಸೋತರೆ ಹೊರಗೆ. ಶನಿವಾರ ಸಂಜೆ ತಂಡದ ನಾಲ್ಕು ಜನ ಬಂದು ಅಪ್ಪನ ಚಾಪೆಯ ಸುತ್ತ ಕೂತರು. ನಿಮ್ಮ ಜಾಗಕ್ಕೆ ಯಾರು ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದ. ಅವರು ಹೋದ ಮೇಲೆ ಅಮ್ಮ ಊಟಕ್ಕೆ ಕರೆದಳು. ಅಪ್ಪ ಗೋಡೆ ಹಿಡಿದು ಕುಂಟುತ್ತ ಅಡುಗೆಮನೆಗೆ ಬಂದು ಕಾಲು ಚಾಚಿ ಕೂತ. ಅಂಗಿಯ ಜೇಬಿನಿಂದ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆ ತೆಗೆದ. ಅದರ ಹಿಂಬದಿಯಲ್ಲಿ ತಮಿಳಿನಲ್ಲಿ ಹೆಸರುಗಳು. ಮನೆಯಲ್ಲಿ ನಾವು ಆಡುತ್ತಿದ್ದುದು ಕನ್ನಡವಾದರೂ ಬರೆಯುವುದೇನಿದ್ದರೂ ತಮಿಳಿನಲ್ಲೇ. ನಾನು ಈಗ ಬರೆಯುತ್ತಿರುವ ಅಕ್ಷರಗಳು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೇ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಕಲಿತದ್ದು. ಅತ್ತೆಗೆ ತಮಿಳೂ ಓದಲು ಬರುತ್ತಿರಲಿಲ್ಲ. ಅಪ್ಪ ಗೋಲಿಯಿಂದ ಶುರುಮಾಡಿ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದ. ಹತ್ತಾದ ಮೇಲೆ ನಿಲ್ಲಿಸಿದ.

"ಅಕ್ಕಾ, ಹನ್ನೊಂದನೇದು ನೀನು ಹೇಳು."

ಅತ್ತೆ ಅವನ ತಟ್ಟೆಗೆ ಅನ್ನ ಹಾಕುತ್ತಿದ್ದಳು. ಹಾಕಿ ಮುಗಿಸಿ, ಪಾತ್ರೆಯನ್ನು ಕೆಳಗಿಟ್ಟಳು.

"ನಾನ್ಯಾಕೆ ಹೇಳಲಿ? ಒಂದು ಮನೇಲಿ ನಿಲ್ಲೋಕಾಗದೋಳು."

"ಅದು ಏನೋ ಕೋಪದಲ್ಲಿ..."

"ಕೋಪದಲ್ಲಿ ಅಂದೆ ಅಂತ ನಂಗೂ ಗೊತ್ತು. ಆದ್ರೆ ಆ ಮಾತು ಇನ್ನೂ ಇಲ್ಲೇ ಬಿದ್ದೈತೆ ಲಿಂಗಾ. ದಿನಾ ಅದನ್ನ ದಾಟ್ಕೊಂಡು ಓಡಾಡ್ತಾ ಇವ್ನಿ. ನಿನ್ನ ಹೆಂಡ್ತಿ ಮುಂದೆ, ಈ ಕೂಸಿನ ಮುಂದೆ ಅಂದೆ. ಅವರ ಮುಂದೇನೇ ವಾಪಸ್ ತಗೋ."

"ಅತ್ತಿಗೆ, ಮೊದ್ಲು ಸಾಪಾಟು ಆಗ್ಲಿ. ಆಮೇಲೆ ಮಾತಾಡಿ," ಎಂದಳು ಅಮ್ಮ, ಹೆದರಿದ ದನಿಯಲ್ಲಿ.

"ಸಾಪಾಟು ಆಮ್ಯಾಲೆ."

ಅಪ್ಪ ನನ್ನ ಕಡೆ ನೋಡಿದ. ನಾನು ತಟ್ಟೆ ನೋಡಿದೆ. ಗಂಡಸರು ತಪ್ಪು ಒಪ್ಪಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಬೀದಿಯಲ್ಲಿ ಅದಕ್ಕೆ ಬೇರೆ ಉಪಾಯಗಳಿದ್ದವು. ಮಾರನೆಯ ದಿನ ಹೂವು ತಂದುಕೊಡುವುದು, ಇಲ್ಲವೇ ಏನೂ ಆಗಿಲ್ಲವೆಂಬಂತೆ ಜೋರಾಗಿ ಮಾತಾಡುವುದು. ಅಪ್ಪ ಹಾಳೆಯನ್ನು ಎರಡಾಗಿ ಮಡಚಿದ, ಮತ್ತೆ ನಾಲ್ಕಾಗಿ ಮಡಚಿದ. ಅನ್ನದ ಮೇಲಿನ ಹಬೆ ನಿಂತುಹೋಯಿತು.

"ತಪ್ಪಾಯ್ತು ಅಕ್ಕಾ," ಎಂದ. "ಹಂಗನ್ನಬಾರದಿತ್ತು. ಇದು ನಿನ್ನ ಮನೆ. ನಾನು ಹುಟ್ಟೋಕಿಂತ ಮುಂಚೆ ನೀನು ಇಲ್ಲಿದ್ದೋಳು."

ಅತ್ತೆ ಅವನನ್ನೇ ನೋಡಿದಳು. ಅವನು ಪೂರ್ತಿ ಹೇಳಿ ಮುಗಿಸಿದನೋ ಇಲ್ಲವೋ ಎಂದು ಪರೀಕ್ಷಿಸಿದ ಹಾಗಿತ್ತು. ಆಮೇಲೆ ಸಾರಿನ ಸೌಟು ಕೈಗೆತ್ತಿಕೊಂಡಳು.

"ಸೆಲ್ವನ್," ಎಂದಳು. "ನಡುವೆ ನಿಲ್ಸು. ಯಾರೂ ಅವನ್ನ ಕೂಗಿ ಕರೀಬ್ಯಾಡಿ, ಅವನ ಪಾಡಿಗೆ ಬುಡಿ. ಟೈಲರ್ ಮಣಿ ಸುಮ್ನೆ ಹಿಂದಕ್ಕೆ ಬಂದು ಬಂದು ಸುಸ್ತಾಯ್ತಾನೆ, ಅವ್ನು ಮುಂದೇನೇ ಇರಲಿ."

ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದವಳು ಆ ಸಂಜೆ ಹಪ್ಪಳ ಮುಗಿದು ಮಜ್ಜಿಗೆ ಮುಗಿದರೂ ಮಾತು ಮುಗಿಸಲಿಲ್ಲ. ಅಪ್ಪ ಹಾಳೆ ಬಿಡಿಸಿ ಎಡಗೈಯಲ್ಲೇ ಒಂದೊಂದನ್ನೂ ಬರೆದುಕೊಂಡ. ಕೇಳಿಸದವನಂತೆ ನಟಿಸಲಿಲ್ಲ. ಅವಳು ನಮ್ಮ ಜೊತೆ ಕೂತು ಊಟ ಮಾಡಿದಳು.

ಭಾನುವಾರ ಅಪ್ಪ ಮೈದಾನದ ದಂಡೆಗೆ ಹೋಗಲಿಲ್ಲ. ಕಾಲು ನೋವು ಎಂದ. ಬನಿಯನ್ ಇಲ್ಲದೆ ಗೆರೆಯ ಹೊರಗೆ ನಿಲ್ಲಲು ಅವನಿಗೆ ಆಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾಲ್ಕು ಗಂಟೆಗೆ ಅತ್ತೆ ಮೆಣಸಿನಕಾಯಿ ಮೊರ ಹಿಡಿದು ಏಣಿ ಹತ್ತಿದಳು, ಹಿಂದೆ ನಾನು, ನನ್ನ ಹಿಂದೆ ಅಪ್ಪ. ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿಕೊಂಡು ಹತ್ತಿದ. ಕೆಳಗೆ ಅಮ್ಮ ಏಣಿ ಹಿಡಿದು, "ಬಿದ್ದರೆ ಇನ್ನೊಂದು ಕಾಲೂ ಹೋಯ್ತದೆ, ಆಮೇಲೆ ಹೆಂಗೆ ಹತ್ತೀರೋ ನೋಡಾಣ" ಎಂದು ಬೈಯುತ್ತಿದ್ದಳು.

ಪಲ್ಲಡದವರು ಮೊದಲ ಹತ್ತು ನಿಮಿಷದಲ್ಲೇ ಗೋಲು ಹೊಡೆದರು. ಕಾರ್ನರಿನಿಂದ ಬಂದ ಚೆಂಡು ನಮ್ಮ ಗೋಲಿಯ ಕೈಯಿಂದ ಜಾರಿತು. ಅಪ್ಪ ತಾರಸಿಯ ಮೋಟುಗೋಡೆ ಹಿಡಿದು ನಿಂತು ಕೂಗತೊಡಗಿದ. "ಸುಮ್ನೆ ಕೂತ್ಕೋ, ಅಲ್ಲಿಗೆ ಕೇಳಿಸಲ್ಲ," ಎಂದಳು ಅತ್ತೆ. ಅವನು ಕೂತ. ಕೂತ ಮೇಲೆ ನೋಡಿದ. ಸೆಲ್ವನ್ ಓಡುವುದು ಕಡಿಮೆ, ನಡೆಯುವುದೇ ಹೆಚ್ಚು. ಎರಡು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ. ಪಲ್ಲಡದವನು ಚೆಂಡನ್ನು ಒದೆಯುವ ಹೊತ್ತಿಗೆ ಅದು ಬಂದು ಬೀಳುವ ಜಾಗದಲ್ಲಿ ಅವನು ನಿಂತಿರುತ್ತಿದ್ದ. ನೋಡುವವರಿಗೆ ಪಲ್ಲಡದವರೇ ತಪ್ಪಾಗಿ ಒದ್ದರು ಎನ್ನಿಸುತ್ತಿತ್ತು. ದಂಡೆಯಲ್ಲಿದ್ದ ಜನ ಅವನಿಗೆ ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ. ಹಾಫ್ ಟೈಮ್ ಆದ ಮೇಲೆ ಹೀಗೇ ಒಂದು ಚೆಂಡು ಅವನ ಕಾಲಿಗೆ ಬಂತು, ಅವನು ಅದನ್ನು ಎಡಕ್ಕೆ ತಳ್ಳಿದ, ಎಡಗಡೆಯವನು ಗೋಲಿನ ಮುಂದಕ್ಕೆ ಎತ್ತಿ ಒದ್ದ, ಅಲ್ಲೇ ಇದ್ದ ಟೈಲರ್ ಮಣಿಯ ಹಣೆಗೆ ತಾಗಿ ಒಳಗೆ ಹೋಯಿತು. ಇಡೀ ಊರು ಮಣಿಯ ಹೆಸರು ಕೂಗಿತು. ನಾನು ಕುಣಿದೆ. ಅಪ್ಪ ಕುಣಿಯಲಿಲ್ಲ. ತಾನು ಇಷ್ಟು ವರ್ಷ ನಿಲ್ಲುತ್ತಿದ್ದ ಆ ಜಾಗವನ್ನೇ ನೋಡುತ್ತಿದ್ದ.

"ಅವ್ನು ಒಂದು ಸಲನೂ ಬೀಳಲಿಲ್ಲ ಅಕ್ಕಾ," ಎಂದ ಕೊನೆಗೆ.

"ಹೂಂ."

"ನಾನು ಮೊದ್ಲು ಹಿಂಗಿದ್ನಾ?"

ಅತ್ತೆ ಯೋಚಿಸಿದಳು. "ಇಲ್ಲ," ಎಂದಳು. "ನೀನು ಬೇರೆ ತರ. ನೀನಿದ್ರೆ ಮಿಕ್ಕೋರಿಗೆ ಧೈರ್ಯ ಇರ್ತಿತ್ತು. ಅದೂ ಬೇಕು."

ಉಳಿದ ಇಪ್ಪತ್ತು ನಿಮಿಷ ಪಲ್ಲಡದವರು ಮೇಲಿಂದ ಮೇಲೆ ಬಂದರು, ಗೋಲಾಗಲಿಲ್ಲ. ರೆಫ್ರಿ ವಿಸಿಲ್ ಊದಿದಾಗ ಒಂದಕ್ಕೊಂದು ಸಮ. ಕ್ಲಬ್ ಉಳಿಯಿತು. ಅಪ್ಪ ಮುಂದೆಂದೂ ಮೈದಾನಕ್ಕೆ ಇಳಿಯಲಿಲ್ಲ. ಆ ಸಂಜೆ ಅದು ನಮಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತೋ ಏನೋ.

ಕೊನೆಯ ಆಟದ ದಿನ ಇಡೀ ತಂಡಕ್ಕೆ ನಮ್ಮ ಮನೆಯಲ್ಲೇ ಊಟ. ಅಮ್ಮ ದೊಡ್ಡ ಪಾತ್ರೆಯಲ್ಲಿ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ, ಸಣ್ಣ ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಮೇಲೆ ತುಪ್ಪ ಸುರಿದಿದ್ದಳು. ಅಂಗಳದಲ್ಲಿ ಬಾಳೆಲೆಯ ಮುಂದೆ ಕೂತ ಗಂಡಸರೆಲ್ಲ ಅಪ್ಪನನ್ನೇ ಹೊಗಳಿದರು. ನಾಯಕ ಎಂದರೆ ಹೀಗಿರಬೇಕು, ತನ್ನ ಜಾಗಕ್ಕೆ ಸರಿಯಾದವನನ್ನು ಆರಿಸಿದ, ಲಿಂಗಣ್ಣನ ಕಣ್ಣು ಕಣ್ಣು ಎಂದರು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಹಪ್ಪಳದ ತಟ್ಟೆ ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಅಷ್ಟು ಜನ ಗಂಡಸರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ತಮಿಳಿನಲ್ಲಿ ಕೂಗಿಬಿಟ್ಟೆ.

"ಅತ್ತೆ ತಾನ್ ಸೊನ್ನಾಂಗ!" ಹೇಳಿದ್ದು ಅತ್ತೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಏಟು ಬೀಳುತ್ತದೆ ಎಂದುಕೊಂಡೆ.

"ಹೌದು," ಎಂದ ಅವನು, ಅವರಿಗೆಲ್ಲ ತಿಳಿಯುವ ಹಾಗೆ ತಮಿಳಿನಲ್ಲೇ. "ಆರಿಸಿದವಳು ನಮ್ಮಕ್ಕ."

ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಮತ್ತೆ ಹೇಳಿದ, ಈ ಸಲ ನಿಧಾನವಾಗಿ. ಅವರು ಇನ್ನೂ ಜೋರಾಗಿ ನಕ್ಕರು. ಲಿಂಗಣ್ಣ ಒಳ್ಳೆಯ ತಮಾಷೆಗಾರ ಎಂದು ಗೋಲಿ ಪಕ್ಕದವನ ಬೆನ್ನು ತಟ್ಟಿದ. ಅಪ್ಪ ಮೂರನೆಯ ಸಲ ಹೇಳಲಿಲ್ಲ. ಒಳಗೆ ತಿರುಗಿ ನೋಡಿದೆ. ಅತ್ತೆ ಒಲೆಯ ಮುಂದೆ ಕೂತು ಪಾತ್ರೆಯ ತಳಕ್ಕೆ ಹಿಡಿದ ಅನ್ನವನ್ನು ಸೌಟಿನಿಂದ ಕೆರೆಯುತ್ತಿದ್ದಳು. ಅಪ್ಪ ಹೇಳಿದ್ದೂ ಅವರು ನಕ್ಕಿದ್ದೂ ಎರಡೂ ಅವಳಿಗೆ ಕೇಳಿಸಿತ್ತು.

ಊಟ ಮುಗಿಸಿ ಎಲ್ಲರೂ ಕೈ ತೊಳೆದು ಬೀದಿಯ ಕಡೆಗೆ ಹೋದರು. ಸೆಲ್ವನ್ ಮಾತ್ರ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲ ಹೊರಗೆ ಬಂದು ನಿಂತ. ಅವನು ನಕ್ಕಿದ್ದನೋ ಇಲ್ಲವೋ ನಾನು ಗಮನಿಸಿರಲಿಲ್ಲ. ಒಳಗೆ ಕಾಲಿಡದೆ, ಹೊಸಿಲಿನಾಚೆಯಿಂದಲೇ, ನಮ್ಮ ಕಡೆಯವರು ದೊಡ್ಡವರೊಡನೆ ಆಡುವ ಮರ್ಯಾದೆಯ ತಮಿಳಿನಲ್ಲಿ ಕೇಳಿದ.

"ಅಕ್ಕಾ, ಅಡುತ್ತ ಸೀಸನ್‌ಲ ನಾನ್ ಎಂಗ ನಿಕ್ಕೋಣುಂಗ?" ಮುಂದಿನ ವರ್ಷ ನಾನು ಎಲ್ಲಿ ನಿಲ್ಲಬೇಕು ಎಂದು.

ಅತ್ತೆ ಸೌಟು ಕೆಳಗಿಟ್ಟು ಅವನ ಕಡೆ ತಿರುಗಿದಳು. ಅವಳೂ ತಮಿಳಿನಲ್ಲೇ ಹೇಳಿದಳು.

"ಈಗ ನಿಲ್ಲುವ ಜಾಗಕ್ಕಿಂತ ಎರಡು ಹೆಜ್ಜೆ ಹಿಂದೆ ನಿಲ್ಲು. ಮತ್ತೆ, ನಿನಗೆ ಎಡಗಾಲಲ್ಲಿ ಒದೆಯಲು ಬರುವುದಿಲ್ಲ. ಹಾಫ್ ಟೈಮ್ ಆದ ಮೇಲೆ ಐದು ಸಲ ಬಾಲನ್ನು ಬಲಗಾಲಿಗೆ ತಂದುಕೊಳ್ಳಲು ತಿರುಗಿದೆ. ಪಲ್ಲಡದವರಿಗೆ ಅದು ತಿಳಿಯಲಿಲ್ಲ. ಧಾರಾಪುರದವರಿಗೆ ತಿಳಿಯುತ್ತದೆ."

"ಸರಿಂಗಕ್ಕಾ," ಎಂದು ಅವನು ಹೊರಡಲು ತಿರುಗಿದ.

ಅತ್ತೆ ತಾನು ಕೂತಿದ್ದ ಮಣೆಯನ್ನು ಎಳೆದು ಹೊಸಿಲಿನ ಕಡೆಗೆ ಸರಿಸಿದಳು.

"ಎಲ್ಲಿಗೆ ಹೋಗುತ್ತೀಯ?" ಎಂದಳು. "ಕೂತುಕೋ. ಇನ್ನೂ ಇದೆ."